ಕಾಗುಣಿತ, ಮಗ್ಗಿ ಬಾಯಿಪಾಠ: ಎಳೆಯ ತರಗತಿಗಳಿಗೆ ಬೇಕೇ, ಬೇಡವೇ?

ಪರ: ಬಾಯಲ್ಲಿ ನಿಂತರೆ ಕಣ್ಣಿಗೆ ದಾರಿ ಸಲೀಸು

ಕನ್ನಡಕ್ಕೆ 49 ಅಕ್ಷರ ಎಂದು ಹೇಳಿ ಸುಮ್ಮನಾಗುವವರು ಒಂದನೇ ತರಗತಿಯ ಮಗುವಿನ ಮುಂದಿರುವ ಕೆಲಸದ ಅಳತೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. 34 ವ್ಯಂಜನಗಳಿಗೆ ತಲಾ 15 ರೂಪ ಹಿಡಿದರೆ 510 ಆಯಿತು. ಅದರ ಮೇಲೆ ಒತ್ತಕ್ಷರಗಳು. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೂ ಇದೇ: ಇಪ್ಪತ್ತಾರು ಅಕ್ಷರದ ಲಿಪಿಗಿಂತ ನಮ್ಮ ಲಿಪಿಯ ಕಲಿಕೆ ನಿಧಾನ, ಅದು ಮೂರು-ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ.

ಈ 510ನ್ನು ಒಂದೊಂದಾಗಿ ಕಲಿಯಲು ಯಾವ ಮಗುವಿಗೂ ಆಗದು, ಕಲಿಯಬೇಕಾಗಿಯೂ ಇಲ್ಲ. ಮೂಲ ಆಕಾರ ಗೊತ್ತಿದ್ದು, ಅದಕ್ಕೆ ಗುರುತು ಸೇರುವ ಕ್ರಮ ಮನಸ್ಸಿನಲ್ಲಿ ನಿಂತರೆ ಸಾಕು. ಆ ಕ್ರಮವೇ ಕಾಗುಣಿತ. 'ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ, ಕ ಕೊಂಬು ಕು' ಎಂದು ಹೇಳುವಾಗ ಗುರುತಿನ ಹೆಸರು, ಅದು ಕೂರುವ ಜಾಗ, ಅದರಿಂದ ಹುಟ್ಟುವ ದನಿ ಮೂರೂ ಒಟ್ಟಿಗೆ ಮಗುವಿನೊಳಗೆ ಇಳಿಯುತ್ತವೆ. ಮುಂದೆ ಬರೆಯುವಾಗ 'ದೀರ್ಘ ಬಿಟ್ಟಿದ್ದೀಯ' ಎಂದರೆ ಅದಕ್ಕೆ ತಕ್ಷಣ ಅರ್ಥವಾಗುತ್ತದೆ. ಈ ಹೆಸರುಗಳಿಲ್ಲದೆ ಮಗುವಿನ ತಪ್ಪನ್ನು ತಿದ್ದುವ ಭಾಷೆಯೇ ಶಿಕ್ಷಕರಿಗೆ ಇರುವುದಿಲ್ಲ.

ಬಾಯಿಪಾಠ ಕೆಡುವುದು ಅಕ್ಷರ ತೋರಿಸುವ ಬೆರಳು ಇಲ್ಲದಾಗ. ಗೋಡೆಯ ಪಟ ನೋಡದೆ ಹಾಡಿನಂತೆ ಒಪ್ಪಿಸಿದರೆ ಅದು ಹಾಡಾಗಿಯೇ ಉಳಿಯುತ್ತದೆ. ಮಾಡುವ ಕ್ರಮ ಹೀಗಿರಬೇಕು: ದಿನಕ್ಕೆ ಹತ್ತು ನಿಮಿಷ, ಒಂದೇ ವ್ಯಂಜನದ ಸಾಲು. ಕೋಲು ಅಕ್ಷರದ ಮೇಲಿದ್ದಾಗಷ್ಟೇ ದನಿ. ನಾಲ್ಕೈದು ಸಾಲು ಆದ ಮೇಲೆ ಮೇಲಿಂದ ಕೆಳಗೆ ಓದಿಸಬೇಕು: ಕಿ, ಗಿ, ಚಿ, ಜಿ. ಆಮೇಲೆ ಕೋಲು ಎಲ್ಲೆಂದರಲ್ಲಿ ಇಡಬೇಕು. ಕೊನೆಗೆ ಉಕ್ತಲೇಖನ. ಅಡ್ಡಸಾಲಿಗೇ ನಿಲ್ಲಿಸಿ ಕಾಗುಣಿತವನ್ನು ದೂರುವುದು ಸರಿಯಲ್ಲ, ಅರ್ಧ ಕೆಲಸಕ್ಕೆ ಅರ್ಧ ಫಲ.

ಪೂರ್ತಿ ಸಾಲು ಓದಿಸುವುದರಿಂದ ಅಪವಾದಗಳೂ ಕಣ್ಣಿಗೆ ಬೀಳುತ್ತವೆ. ಪು, ವು ಬರೆಯುವಾಗ ಕೊಂಬು ಕು, ತುವಿನಲ್ಲಿ ಕೂತಂತೆ ಪಕ್ಕದಲ್ಲಿ ಕೂರುವುದಿಲ್ಲ, ಕೆಳಗಿಂದ ಸುತ್ತುತ್ತದೆ. ಹಾಗಾಗಿಯೇ ವು ಮತ್ತು ಮ ಅದಲುಬದಲಾಗುತ್ತವೆ. ಮೊ, ಯೊ ಕೂಡ ಬೇರೆ ಥರ. ಪಾಠದಲ್ಲಿ ಅಪರೂಪಕ್ಕೆ ಸಿಕ್ಕಾಗ ಇವು ಮಗುವನ್ನು ಎಡವಿಸುತ್ತವೆ, ಸಾಲಿನಲ್ಲಿ ನೆರೆಹೊರೆಯವರ ಜೊತೆ ನಿಂತಾಗ ಬೇರೆತನ ತಾನಾಗಿ ಕಾಣುತ್ತದೆ.

ಮಗ್ಗಿಯ ವಿಷಯ ಇನ್ನೂ ನೇರ. 476ನ್ನು 7ರಿಂದ ಭಾಗಿಸುವ ಮಗು 'ಏಳಾರ್ಲಿ ನಲವತ್ತೆರಡು' ಎಂದು ಥಟ್ಟನೆ ಹೇಳಿ, ಉಳಿದ 5ರ ಪಕ್ಕ 6 ಇಳಿಸಿ, 'ಏಳೆಂಟ್ಲಿ ಐವತ್ತಾರು' ಎಂದು ಮುಗಿಸಬೇಕು. ಅದರ ಬದಲು 7, 14, 21 ಎಂದು ಬೆರಳು ಮಡಚುತ್ತಾ ಹೋದರೆ, 42 ತಲುಪುವಷ್ಟರಲ್ಲಿ ಯಾವ ಅಂಕಿಯ ಮುಂದೆ ಇದ್ದೆನೆಂಬುದೇ ಮರೆತುಹೋಗುತ್ತದೆ. ಅಂಥ ಮಗು ಭಾಗಾಕಾರ ತಿಳಿಯದೆ ತಪ್ಪುವುದಿಲ್ಲ, ನೆನಪಿನ ಜಾಗವೆಲ್ಲ ಎಣಿಕೆಗೇ ಖರ್ಚಾಗಿ ತಪ್ಪುತ್ತದೆ. ಹೊರೆಯೂ ಹೆದರುವಷ್ಟಿಲ್ಲ: ಒಂದು, ಹತ್ತರ ಮಗ್ಗಿ ಬಿಟ್ಟು, 3×8 ಮತ್ತು 8×3ನ್ನು ಒಂದೇ ಎಂದು ಹಿಡಿದರೆ ಕಲಿಯಬೇಕಾದ್ದು 36 ಗುಣಲಬ್ಧ. 2, 5 ಮೊದಲು, ಆಮೇಲೆ 3, 4. ಅಷ್ಟಾದರೆ 6×6ರಿಂದ 9×9ರವರೆಗೆ ಉಳಿಯುವುದು ಹತ್ತೇ ಹತ್ತು, ಮತ್ತು ಮಕ್ಕಳು ಹೆಚ್ಚು ತಡವರಿಸುವುದೂ ಆ ಹತ್ತರಲ್ಲೇ. ಅಭ್ಯಾಸ ಅಲ್ಲಿಗೆ ಹೋಗಬೇಕು.

ಒಂದರಿಂದ ಮೂರನೇ ತರಗತಿಯನ್ನು ಒಬ್ಬರೇ ಶಿಕ್ಷಕರು ನಡೆಸುವ ಶಾಲೆ, ಓದು ಬಲ್ಲವರು ಇಲ್ಲದ ಮನೆ, ಇವೆರಡರ ನಡುವಿನ ಮಗುವಿಗೆ ಕಾರ್ಡು, ಕಿಟ್ಟು ಇಲ್ಲದೆಯೂ ಸಿಗುವ ಆಸ್ತಿ ಬಾಯಿಪಾಠ. ಪಟ್ಟಣದ ಮಗು ಮಗ್ಗಿಯನ್ನು ಸಂಜೆ ಟ್ಯೂಷನ್ನಿನಲ್ಲಿ ಕಲಿತುಕೊಳ್ಳುತ್ತದೆ. ಶಾಲೆ ಕೈಬಿಟ್ಟರೆ ನಷ್ಟವಾಗುವುದು ಟ್ಯೂಷನ್ ಇಲ್ಲದ ಮಗುವಿಗೆ.

ವಿರೋಧ: ಕ್ರಮ ಒಪ್ಪಿಸುವುದು ಓದಲ್ಲ, ಎಣಿಸುವುದು ಲೆಕ್ಕವಲ್ಲ

ಕಾಗುಣಿತ ಸರಾಗವಾಗಿ ಒಪ್ಪಿಸುವ ಮಗುವಿಗೆ 'ಕೊ' ಒಂದನ್ನೇ ಬರೆದು ತೋರಿಸಿ. ಬಹಳ ಮಕ್ಕಳು ತುಟಿಯಲ್ಲೇ ಕ, ಕಾ, ಕಿ, ಕೀ ಎಂದು ಶುರುಮಾಡಿ ಹನ್ನೊಂದನೆಯ ಜಾಗಕ್ಕೆ ಬಂದು ಉತ್ತರ ಹೇಳುತ್ತಾರೆ. ಅವರಿಗೆ ಸಾಲು ಗೊತ್ತು, ಅಕ್ಷರ ಗೊತ್ತಿಲ್ಲ. ಪದದ ನಡುವೆ 'ಕೊ' ಬಂದಾಗ ಈ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಪದದ ಮೊದಲರ್ಧ ಕೈತಪ್ಪಿರುತ್ತದೆ. ಎರಡನೇ ತರಗತಿಗೆ ನಿಮಿಷಕ್ಕೆ 45ರಿಂದ 60 ಪದ ಎಂಬ ಗುರಿಯನ್ನು ಕೇಂದ್ರ ಸರ್ಕಾರದ 2021ರ ಓದು-ಲೆಕ್ಕದ ಕಾರ್ಯಕ್ರಮ ನಿಪುಣ್ ಭಾರತ್ ಇಟ್ಟಿದೆ. ವಿಭಕ್ತಿ, ಪ್ರತ್ಯಯ ಎಲ್ಲ ಅಂಟಿಕೊಂಡು ಪದ ಉದ್ದವಾಗುವ ಕನ್ನಡದಲ್ಲಿ ಪದ ಎಣಿಸುವ ಅಳತೆ ನ್ಯಾಯವಲ್ಲ, ಆ ಮಾತು ಬೇರೆ. ಆದರೆ ಗುರಿ ಎಷ್ಟೇ ಇರಲಿ, ಸಾಲು ಹಿಡಿದು ಬರುವ ಮಗು ಅದನ್ನು ಮುಟ್ಟುವುದಿಲ್ಲ.

510ರ ಪಟಕ್ಕೆ ಇನ್ನೊಂದು ದೋಷವಿದೆ: ಎಲ್ಲ ಚೌಕಗಳಿಗೂ ಅದು ಒಂದೇ ಬೆಲೆ ಕೊಡುತ್ತದೆ. ಙ, ಞ ಸಾಲುಗಳು ಮಗು ಓದುವ ಯಾವ ಪುಟದಲ್ಲೂ ಸ್ವತಂತ್ರವಾಗಿ ಬರುವುದಿಲ್ಲ. ಘೌ, ಝೃ, ಠಃ ಯಾವ ಮಗುವಿಗೆ ಯಾವ ಪದದಲ್ಲಿ ಬೇಕು? ಇಳಿ, ಗುಡಿಸು, ಕೊಂಬು, ಏತ್ವ, ಸೊನ್ನೆ ಬಂದರೆ ಎಷ್ಟೋ ಪಾಠಗಳು ತೆರೆದುಕೊಳ್ಳುತ್ತವೆ. ಸಮಯವನ್ನು ಅಲ್ಲಿ ಸುರಿಯಬೇಕು.

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾಗಿ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿದ, ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಇದನ್ನು ಅರಿತಿತ್ತು. ಅಲ್ಲಿ ಕಲಿಕೆ ಅ, ಆ, ಇ, ಈ ಎಂದು ಹೋಗುವುದಿಲ್ಲ. ಮೊದಲು ರ, ಗ, ಸ, ದ, ಅ. ಐದೇ ಅಕ್ಷರದಲ್ಲಿ ಸರ, ದಸರ, ಅರಸ, ಅಗಸ, ಗರಗಸ ಓದಬಹುದು. ಜ, ವ, ಮ, ಬ, ನ ಸೇರಿದರೆ ಮರ, ಜನ, ನಗರ, ಬಸವ. ಮೊದಲ ವಾರಗಳಲ್ಲೇ ಮಗು ಅರ್ಥವಿರುವ ಪದ ಓದಿರುತ್ತದೆ. ವರ್ಣಮಾಲೆಯ ಕ್ರಮದಲ್ಲಿ ಹೋದ ಮಗು ಸ್ವರಗಳನ್ನು ದಾಟಿ ಕವರ್ಗ ಮುಗಿಸಿದಾಗ ಅದರ ಕೈಯಲ್ಲಿರುವುದು ಆಗ, ಈಗ ಎಂಬಂಥ ಬೆರಳೆಣಿಕೆಯ ಪದ.

ಹೆಸರು ಹೇಳಿ ಕಲಿತ ನಿಯಮ ಒತ್ತಕ್ಷರದ ಮುಂದೆ ಕೈಕೊಡುತ್ತದೆ. 'ಶಕ್ತಿ' ನೋಡಿ. ಗುಡಿಸು ಕೂತಿರುವುದು ಕಕಾರದ ಮೇಲೆ, ಇಕಾರ ಕೇಳಿಸುವುದು ತಕಾರದ ನಂತರ. ಕಾಗುಣಿತ ಗಟ್ಟಿಯಾಗಿರುವ ಮಗು ಇದನ್ನು 'ಶಕಿತ' ಎಂದು ಓದುತ್ತದೆ. ಅದು ಅಜಾಗರೂಕತೆಯಲ್ಲ, ಕಲಿಸಿದ್ದನ್ನು ನಿಷ್ಠೆಯಿಂದ ಪಾಲಿಸಿದ್ದು. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರವನ್ನು ಹೋಲುವುದೇ ಇಲ್ಲ. ಇವನ್ನು ಅಮ್ಮ, ಅಣ್ಣ, ಹತ್ತು, ಬಸ್ಸು ಎಂಬ ಬಲ್ಲ ಪದಗಳಿಂದ ಶುರುಮಾಡಿ, ಕೈ ತಟ್ಟಿ ದನಿ ಬಿಡಿಸಿ, ಆಮೇಲೆ ಭಕ್ತಿ, ಸೂರ್ಯದಂಥವಕ್ಕೆ ಬರಬೇಕು. ಸೂರ್ಯದಲ್ಲಿ ಮೊದಲು ಉಚ್ಚರಿಸುವ ರ್ ಕೊನೆಗೆ ಅರ್ಕಾವತ್ತಾಗಿ ಕೂರುತ್ತದೆ, ಅದಕ್ಕೊಂದು ದಿನ ಬೇರೆಯಾಗಿಯೇ ಬೇಕು. ಯಾವ ರಾಗವೂ ಈ ಕೆಲಸ ಮಾಡಿಕೊಡದು.

ಲೆಕ್ಕದಲ್ಲಿ ಬಾಯಿಪಾಠ ಮುಚ್ಚಿಡುವುದು ಇನ್ನೂ ದೊಡ್ಡದು. ನೂರರವರೆಗೆ ಹೇಳುವ ಮಗುವಿನ ಮುಂದೆ ಏಳು ಹುಣಸೆಬೀಜ ಇಟ್ಟು ಎಣಿಸಲು ಹೇಳಿ. ಎಣಿಸಿದ ಮೇಲೆ 'ಒಟ್ಟು ಎಷ್ಟು?' ಎಂದರೆ ಮತ್ತೆ ಒಂದರಿಂದ ಎಣಿಸತೊಡಗಿದರೆ, ಕೊನೆಗೆ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಅಳತೆ ಎಂಬುದು ಅದಕ್ಕೆ ಇನ್ನೂ ಹೊಳೆದಿಲ್ಲ. ಇದಾಗದೆ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ.

ಮುಂದಿನ ಹೆಜ್ಜೆ ಹತ್ತರ ಕಟ್ಟು. ಕಡ್ಡಿಗಳನ್ನು ಹತ್ತು ಹತ್ತಾಗಿ ರಬ್ಬರ್ ಬ್ಯಾಂಡ್ ಹಾಕಿ, 34 ಎಂದರೆ ಮೂರು ಕಟ್ಟು, ನಾಲ್ಕು ಬಿಡಿ ಎಂದು ಮಗು ಕೈಯಾರೆ ಕಟ್ಟಿ ಬಿಚ್ಚಬೇಕು. ಇಲ್ಲಿ ಕನ್ನಡವೇ ನಮಗೆ ನೆರವು. ಇಪ್ಪತ್ತು ದಾಟಿದ ಮೇಲೆ ಮೂವತ್ತನಾಲ್ಕು, ಅರವತ್ತೇಳು ಎಂದು ಹತ್ತು ಮೊದಲು, ಬಿಡಿ ಆಮೇಲೆ, ಬರೆಯುವ ಕ್ರಮವೂ ಅದೇ. ತೊಡಕು ಹನ್ನೊಂದರಿಂದ ಹತ್ತೊಂಬತ್ತರವರೆಗೆ, ಮತ್ತು ಹತ್ತೊಂಬತ್ತು-ತೊಂಬತ್ತರ ಗೊಂದಲದಲ್ಲಿ. ಕಟ್ಟಿನ ಅನುಭವವಿಲ್ಲದ ಮಗು ಇಪ್ಪತ್ತಮೂರನ್ನು 203 ಎಂದು, ನೂರ ಐದನ್ನು 1005 ಎಂದು ಕೇಳಿಸಿದಂತೆ ಬರೆಯುತ್ತದೆ. 43ರಲ್ಲಿ 17 ಕಳೆ ಎಂದರೆ ಮೂರರಲ್ಲಿ ಏಳು ಹೋಗದ್ದಕ್ಕೆ ಏಳರಲ್ಲಿ ಮೂರು ಕಳೆದು 34 ಎನ್ನುತ್ತದೆ. ನಾಲ್ಕು ಕಟ್ಟಿನಲ್ಲಿ ಒಂದನ್ನು ಬಿಚ್ಚಿ ಹದಿಮೂರು ಬಿಡಿ ಮಾಡಿಕೊಂಡ ಮಗುವಿಗೆ 26 ಕಣ್ಣೆದುರೇ ಉಳಿದಿರುತ್ತದೆ.

36 ಗುಣಲಬ್ಧ ನೆನಪಿರಬೇಕು ಎಂಬುದರಲ್ಲಿ ಜಗಳವಿಲ್ಲ, ಜಗಳ ಇರುವುದು ಅದು ಬರುವ ದಾರಿಯಲ್ಲಿ. ಏಳೆಂಟ್ಲಿ ಮರೆತ ಮಗು ಬರೀ ರಾಗ ಕಲಿತಿದ್ದರೆ ಏಳೊಂದ್ಲಿಗೆ ಹಿಂದಿರುಗುತ್ತದೆ. ಏಳು ಸಾಲಿನಲ್ಲಿ ಎಂಟೆಂಟು ಬೀಜ ಜೋಡಿಸಿ ನೋಡಿದ ಮಗು, ಐದೆಂಟ್ಲಿ ನಲವತ್ತು, ಮೇಲೆ ಎರಡೆಂಟ್ಲಿ ಹದಿನಾರು, 56 ಎಂದು ತಾನೇ ಕಟ್ಟಿಕೊಳ್ಳುತ್ತದೆ. ಎರಡನೇ ತರಗತಿಯಲ್ಲಿ ಸಾಲು ಜೋಡಣೆ, ಮೂರನೆಯದರಲ್ಲಿ 2, 5, 10ರಿಂದ ಉಳಿದವನ್ನು ಪಡೆಯುವುದು, ವೇಗದ ಅಭ್ಯಾಸ ಅದರ ಬಳಿಕ. ತರಗತಿಗೆ ಬರುವ ಅಧಿಕಾರಿ ಮಗ್ಗಿ ಒಪ್ಪಿಸು ಎನ್ನುವ ಬದಲು '6×7 ಮರೆತರೆ ಹೇಗೆ ಕಂಡುಹಿಡಿಯುತ್ತೀಯ?' ಎಂದು ಕೇಳಲಿ. ಅದಕ್ಕೆ ಸಿಗುವ ಉತ್ತರದಿಂದ ಆ ಶಾಲೆಯ ಗಣಿತ ಯಾವ ಸ್ಥಿತಿಯಲ್ಲಿದೆ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ.