339ನೇ ಸ್ವಯಂಸೇವಕ

ಕಲಬುರಗಿಯ ಗಂಜ್ ಮಾರುಕಟ್ಟೆಯಲ್ಲಿ ನಮ್ಮ ಕಾಕಾಗೆ ಟೋಪಿ ಹಾಕುವವ ಇನ್ನೂ ಹುಟ್ಟಿಲ್ಲ. ಚೀಲದ ತಳಕ್ಕೆ ಕೈ ಹಾಕಿ ತೊಗರಿ ತೆಗೆದು, ಹಲ್ಲಲ್ಲಿ ಕಟ್ಟೆನಿಸಿ, ‘ಹಸಿ ಅದ, ಒಣಗಿಸ್ಕೊಂಡು ಬಾ’ ಅಂದರೆ ಮುಗಿಯಿತು. ಅಂಥ ಕಾಕಾ ಈಗ ತೂಕ ಇಳಿಸಲೆಂದು ವಾಟ್ಸಾಪಿನಲ್ಲಿ ಕೊಂಡ ಬಿಳಿ ಪುಡಿ ಕದಡಿ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದಾರೆ.

“ಕಾಕಾ, ಶೀಶೆ ಮ್ಯಾಲ ‘ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ’ ಅಂತ ಬರದದಲ್ರಿ?”

“ಅದು ಕಾಯ್ದೆ ಸಲುವಾಗಿ ಬರೀತಾರ ತಮ್ಮಾ. ಸೈಡ್ ಎಫೆಕ್ಟ್ ಏನೂ ಇಲ್ಲಂತ.”

ಹಾಗಂದವನು ಮಾರಿದವನೇ. ರೈತ ‘ನನ್ನ ತೊಗರಿ ಚಲೋ ಅದ’ ಅಂದರೆ ಇವರು ನಂಬಿದ್ದುಂಟೆ?

ಪುಡಿಯ ಹೆಸರು ರೆಟಾಟ್ರುಟೈಡ್. ನಾಲಿಗೆ ತಿರುಗದೆ ಕಾಕಾ ‘ರೊಟ್ಟಿಟೈಡ್’ ಅನ್ನುತ್ತಾರೆ. ತಾಟಿನಲ್ಲಿ ಜೋಳದ ರೊಟ್ಟಿ ಉಳಿಯುವುದನ್ನು ನೋಡಿದರೆ ಅದೇ ಸರಿ. ಇನ್ನೂ ಪರೀಕ್ಷೆಯಲ್ಲಿರುವ ಈ ಔಷಧದ ಪ್ರಯೋಗವೊಂದು 2023ರಲ್ಲಿ ಪ್ರಕಟವಾಯಿತು. 338 ಜನರಿದ್ದರು, ಅತಿ ಹೆಚ್ಚು ಡೋಸಿನವರು 48 ವಾರದಲ್ಲಿ ಸರಾಸರಿ ಶೇ. 24ರಷ್ಟು ತೂಕ ಇಳಿಸಿಕೊಂಡರು. ಕಾಕಾಗೆ ಈ ಸಾಲು ಬಾಯಿಪಾಠ. ವಾಕರಿಕೆ, ವಾಂತಿ, ಭೇದಿ, ಏರಿದ ಎದೆಬಡಿತ ಇರುವ ಮುಂದಿನ ಸಾಲಿಗೆ ಮಾತ್ರ ಕನ್ನಡಕ ಹೋಗಿಲ್ಲ. 4ರ ಬದಲು 2 ಮಿಲಿಗ್ರಾಂನಿಂದ ಶುರು ಮಾಡಿದವರಿಗೆ ಹೊಟ್ಟೆಯ ಕಾಟ ಕಡಿಮೆಯಿತ್ತು. ಕಾಕಾ ಶುರು ಮಾಡಿದ್ದು ‘ಹತ್ತು ಗೆರೆ’ಯಿಂದ. ಸಿರಿಂಜಿನ ಗೆರೆ ಅಳೆಯುವುದು ನೀರನ್ನು. ಅದರಲ್ಲಿ ಔಷಧ ಎಷ್ಟೆಂಬುದು ಕದಡಿದವರ ಕೈಗೆ, ಪುಡಿ ತುಂಬಿದವನ ನಿಯತ್ತಿಗೆ ಬಿಟ್ಟದ್ದು. ಆ 338 ಜನರನ್ನು ವೈದ್ಯರು ಕಾಯುತ್ತಿದ್ದರು. 339ನೆಯವರು ಸ್ವಂತ ರೊಕ್ಕ ಕೊಟ್ಟು ಇಲಿ ಆಗಿದ್ದಾರೆ.

ಮೇ ಬಿಸಿಲಿನಲ್ಲಿ ವಾಂತಿ ಹತ್ತಿತು. ಕಾಕು ಉಪ್ಪು-ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿ, “ನೋಡ್ರಿ, ಘಾಟೇ ಇಲ್ಲ, ಎಷ್ಟು ದೃಷ್ಟಿ ಆಗ್ಯದ!” ಅಂದರು. ದವಾಖಾನೆಯಲ್ಲಿ ಡಾಕ್ಟರು ‘ಏನರ ಔಷಧ ತಗೊಂಡೀರೇನ್ರಿ?’ ಅಂದರೆ, ಕಾಕಾ ಮಿರ್ಚಿ ಭಜಿಯ ಮೇಲೆ ಹಾಕಿದರು. ನಾನು ಕಿಸೆಯಿಂದ ಶೀಶೆ ತೆಗೆದು ಮೇಜಿನ ಮೇಲಿಟ್ಟೆ.

ಡಾಕ್ಟರು ಬೈಯಲಿಲ್ಲ. ವಾಂತಿ-ಭೇದಿಯಿಂದ ಮೈನೀರು ಬತ್ತಿದರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ, ಮೇಲ್ಹೊಟ್ಟೆ ನೋವು ಬೆನ್ನಿಗೆ ಹೊಡೆದು ನಿಲ್ಲದಿದ್ದರೆ ಮೇದೋಜೀರಕದ ಉರಿಯೂತ ಇರಬಹುದು, ರಾತ್ರಿಯಾದರೂ ಬರಬೇಕು ಅಂದರು. ಚುಚ್ಚಿದ್ದು ಅರ್ಧ ಕರಗುವುದಕ್ಕೇ ಸುಮಾರು ಆರು ದಿನವಂತೆ.

ಓಆರ್‌ಎಸ್ ಪೊಟ್ಟಣ ಕೈಗೆ ಬಂದದ್ದೇ ಕಾಕಾ ಕನ್ನಡಕ ಏರಿಸಿದರು. ತಾರೀಖು, ಬ್ಯಾಚ್ ನಂಬರು, ಬೆಲೆ, ಹಿಂದು ಮುಂದು ಎಲ್ಲ ಓದಿದರು.

“ತಮ್ಮಾ, ಇದಕ್ಕ ಸೈಡ್ ಎಫೆಕ್ಟ್ ಏನಿಲ್ಲ ಹೌದಲ್ಲೋ?”