ಹೈದರಾಬಾದಿಗೆ ಹೋದ್ರೆ ಎಂಜಿಬಿಎಸ್ ತನಕ ಯಾಕೆ ಕೂರ್ತೀರಿ?

ನಮ್ಮ ಬೀದರಿನವರಿಗೆ ಹೈದರಾಬಾದ್ ಹೊಸ ಊರೇನಲ್ಲ. ಆಸ್ಪತ್ರೆ, ಮದುವೆ ಬಟ್ಟೆ, ವಿಮಾನ, ಮಗನ ಇಂಟರ್‌ವ್ಯೂ, ಏನೇ ಇದ್ರೂ ಬೆಂಗಳೂರಿಗಿಂತ ಮೊದಲು ನೆನಪಾಗೋದು ಅದೇ. ಆದ್ರೂ ಹೋಗಿ ಬಂದವರನ್ನ ಕೇಳಿ, ಆಟೋದವರನ್ನ ಬೈದುಕೊಂಡೇ ಮಾತು ಶುರು ಮಾಡ್ತಾರೆ. ಬಸ್ಸಿಗಿಂತ ಆಟೋಗೇ ಜಾಸ್ತಿ ದುಡ್ಡು ಹೋಯ್ತಂತೆ. ನಾನು ಹೇಳೋದು, ನಾವು ಇಳಿಯೋ ಜಾಗಾನೇ ಸರಿ ಇಲ್ಲ.

ಬಸ್ ಹೋಗೋ ದಾರಿ ಸ್ವಲ್ಪ ನೆನಪು ಮಾಡಿಕೊಳ್ಳಿ. ಜಹೀರಾಬಾದ್, ಸಂಗಾರೆಡ್ಡಿ, ಪಟಾನ್‌ಚೆರು, ಲಿಂಗಂಪಲ್ಲಿ, ಆಮೇಲೆ ಮಿಯಾಪುರ. ಮೆಟ್ರೋ ಕೆಂಪು ಲೈನ್ ಶುರುವಾಗೋದೇ ಮಿಯಾಪುರದಿಂದ. 2017ರ ನವೆಂಬರ್‌ನಿಂದ ಅಲ್ಲಿ ರೈಲು ಓಡ್ತಿದೆ. ಆದರೂ ನಮ್ಮವರು ಬಸ್ಸಿನ ಕೊನೇ ಸ್ಟಾಪ್ ಅಂತ ಎಂಜಿಬಿಎಸ್ (ಮಹಾತ್ಮ ಗಾಂಧಿ ಬಸ್ ಸ್ಟ್ಯಾಂಡ್) ತನಕ ಕೂತೇ ಇರ್ತಾರೆ. ಕೂಕಟ್‌ಪಲ್ಲಿ, ಅಮೀರ್‌ಪೇಟೆ ಟ್ರಾಫಿಕ್ಕಲ್ಲಿ ಬೆವರು ಸುರಿಸಿ, ಕೊನೆಗೆ ಎಂಜಿಬಿಎಸ್‌ನಲ್ಲಿ ಇಳಿದು, ಅಲ್ಲಿಂದ ಆಟೋ ಹಿಡಿದು ಬಂದ ದಾರೀಲೇ ವಾಪಸ್ ಪಂಜಗುಟ್ಟಕ್ಕೆ ಹೋಗ್ತಾರೆ. ಸುಮ್ನೆ ಎರಡೆರಡು ಸಲ ಖರ್ಚು.

ನಿಮ್ಸ್ ಆಸ್ಪತ್ರೆಗೆ ಹೋಗಬೇಕಾ? ಮಿಯಾಪುರದಲ್ಲಿ ಇಳಿದು ಮೆಟ್ರೋ ಹತ್ತಿದ್ರೆ ಪಂಜಗುಟ್ಟ ತನಕ ಎಲ್ಲೂ ಬದಲಾಯಿಸೋದೇ ಬೇಡ. ಹೈಟೆಕ್ ಸಿಟಿ ಕಡೆ ಇಂಟರ್‌ವ್ಯೂ ಇದ್ರೆ ಅಮೀರ್‌ಪೇಟೆಯಲ್ಲಿ ನೀಲಿ ಲೈನ್ ಹಿಡಿಯಿರಿ. ಗಾಂಧಿ ಆಸ್ಪತ್ರೆಗೆ ಅದರ ಹೆಸರಲ್ಲೇ ಸ್ಟೇಷನ್ ಇದೆ, ಎಂಜಿಬಿಎಸ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸಿದ್ರೆ ಸಾಕು. 2025ರ ಮೇನಲ್ಲಿ ದರ ಏರಿಸಿದ ಮೇಲೆ ಟಿಕೆಟ್ 11 ರೂಪಾಯಿಯಿಂದ 69ರ ತನಕ ಆಯ್ತು. ಏರಿಸಿದ್ದು ನನಗೂ ಸರಿ ಅನ್ನಿಸಲಿಲ್ಲ, ಮನೆ ಮಂದಿ ನಾಲ್ಕು ಜನ ಹೊರಟ್ರೆ ಲೆಕ್ಕ ಹಾಕಲೇಬೇಕು. ನಾಲ್ಕು ಜನ ಇದ್ದು ದೂರ ಹತ್ತಿರವೇ ಆದ್ರೆ ಆಟೋನೇ ಅಗ್ಗ, ಅದನ್ನೂ ಒಪ್ಪಿಕೊಳ್ಳೋಣ.

ರೈಲಲ್ಲಿ ಹೋಗೋರು ಲಿಂಗಂಪಲ್ಲಿಯಲ್ಲೇ ಇಳೀಬಹುದು. ಕಲಬುರಗಿ ಕಡೆಯಿಂದ ವಾಡಿ, ತಾಂಡೂರ್, ವಿಕಾರಾಬಾದ್ ಮೇಲೆ ಬರೋ ರೈಲುಗಳಿಗೂ ಅದೇ ದಾರಿ. ಅಲ್ಲಿಂದ ಎಂಎಂಟಿಎಸ್ ಲೋಕಲ್ ರೈಲಿದೆ, 2003ರಿಂದ ಓಡ್ತಿದೆ. ಊರೊಳಗೆ ಇಷ್ಟು ಅಗ್ಗದ ಸವಾರಿ ಬೇರೆ ಇಲ್ಲ, ಒಂದು ಚಹಾದ ದುಡ್ಡು ಅಷ್ಟೇ. ಆದ್ರೆ ಒಂದು ತಪ್ಪಿದ್ರೆ ಇನ್ನೊಂದಕ್ಕೆ ಕಾಯೋದಿದೆಯಲ್ಲ, ತಾಳ್ಮೆ ಇಲ್ಲದವರು ಅದರ ಸುದ್ದಿಗೇ ಹೋಗಬೇಡಿ. ಡಾಕ್ಟರ್ ಟೈಮ್ ಕೊಟ್ಟಿದ್ದ ದಿನವಂತೂ ಬೇಡವೇ ಬೇಡ.

ಸಿಟಿ ಬಸ್ಸನ್ನ ನಮ್ಮವರು ಯಾಕೋ ಮರೆತೇಬಿಟ್ಟಿದ್ದಾರೆ. ಪಟಾನ್‌ಚೆರುವಿನಿಂದ ಕೋಠಿಗೆ 218, ಸಿಕಂದರಾಬಾದಿಗೆ 219. ಬೋರ್ಡ್ ತೆಲುಗಲ್ಲಿದ್ರೂ ಕನ್ನಡ ಓದೋರಿಗೆ ಅರ್ಧಕ್ಕಿಂತ ಜಾಸ್ತಿ ಗೊತ್ತಾಗುತ್ತೆ ಅಲ್ವಾ! ಹೆಂಗಸರು ಮುಂದಿನ ಬಾಗಿಲು, ಗಂಡಸರು ಹಿಂದಿನದು. ಒಂದು ವಿಷಯ ಅಕ್ಕಂದಿರೇ, ಅಲ್ಲಿ ಹೆಂಗಸರಿಗೆ ಬಸ್ ಫ್ರೀ ಇರೋದು ತೆಲಂಗಾಣದವರಿಗೆ ಮಾತ್ರ. ನಮ್ಮ ಆಧಾರ್ ತೋರಿಸಿದ್ರೆ ನಡೆಯಲ್ಲ, ಟಿಕೆಟ್ ತಗೊಳ್ಳಲೇಬೇಕು. ಕಂಡಕ್ಟರ್ ಜೊತೆ ಜಗಳ ಬೇಡ, ನಮ್ಮ ಶಕ್ತಿ ಯೋಜನೆಯೂ ಅವರಿಗೆ ಸಿಗಲ್ಲವಲ್ಲ.

ಚಾರ್ಮಿನಾರ್ ನೋಡಬೇಕು ಅನ್ನೋರಿಗೆ ಮೆಟ್ರೋ ಪೂರ್ತಿ ಕೈಹಿಡಿಯಲ್ಲ, ಹಳೇ ಊರೊಳಗೆ ಅದು ಹೋಗೋದೇ ಇಲ್ಲ. ಎಂಜಿಬಿಎಸ್‌ನಲ್ಲಿ ಇಳಿದು, ಸಾಲಾರ್ ಜಂಗ್ ಮ್ಯೂಸಿಯಂ ತನಕ ನಡೆದುಕೊಂಡೇ ಹೋಗಿ. ಅದನ್ನ ನೋಡಿ ಅಲ್ಲಿಂದ ಚಾರ್ಮಿನಾರಿಗೆ ಸಿಟಿ ಬಸ್ ಹತ್ತಿ. ಆಟೋನೇ ಬೇಕಾದ್ರೆ ನಮಗೆ ಬರೋ ದಖನಿ ಇದೆಯಲ್ಲ, "ಇತ್ತಾ ನಕ್ಕೋ ಭಾಯ್" (ಇಷ್ಟೊಂದು ಬೇಡ ಅಣ್ಣ) ಅಂದ್ರೆ ಸಾಕು, ಇವರು ಹೊಸಬರಲ್ಲ ಅಂತ ಅವನಿಗೆ ಗೊತ್ತಾಗುತ್ತೆ.

ಇನ್ನು ಲಾಡ್ಜ್. ನೂರಿನ್ನೂರು ಕಡಿಮೆ ಅಂತ ಎಲ್ಲೋ ಮೂಲೇಲಿ ರೂಮ್ ಹಿಡಿದ್ರೆ ಉಳಿಸಿದ್ದೆಲ್ಲ ಓಡಾಟಕ್ಕೇ ಹೋಗುತ್ತೆ. ಮೆಟ್ರೋ ಸ್ಟೇಷನ್ನಿಗೆ ನಡೆದು ಹೋಗೋಷ್ಟು ಹತ್ತಿರ ಹಿಡಿಯಿರಿ, ಬಾಡಿಗೆ ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ. ರಾತ್ರಿ ಬಸ್ಸಿಗೆ ಹೊರಟು ನಸುಕಿಗೇ ಇಳಿಯೋದೂ ಬೇಡ, ಮೆಟ್ರೋ ಶುರುವಾಗೋದು ಬೆಳಿಗ್ಗೆ 6ಕ್ಕೆ. ಅದಕ್ಕೂ ಮೊದಲು ಆಟೋದವನು ಹೇಳಿದ್ದೇ ರೇಟು.

ವಾಪಸ್ ಬರುವಾಗ ಮಾತ್ರ ನಾನು ಉಲ್ಟಾ ಹೇಳ್ತೀನಿ, ಎಂಜಿಬಿಎಸ್‌ಗೇ ಹೋಗಿ. ಮೆಟ್ರೋ ಸ್ಟೇಷನ್ ಬಸ್ ಸ್ಟ್ಯಾಂಡಿಗೆ ಅಂಟಿಕೊಂಡೇ ಇದೆ. ಶನಿವಾರ ಸಂಜೆ ಮಿಯಾಪುರದಲ್ಲಿ ಕೈ ಅಡ್ಡ ಹಾಕಿ ಬೀದರ್ ಬಸ್ ಹತ್ತಿದ್ರೆ ಜಹೀರಾಬಾದ್ ತನಕ ನಿಂತೇ ಬರಬೇಕಾಗುತ್ತೆ.