ಕೂಣಿಯನ್ನೂ ಠೇವಣಿ ಇಡಬೇಕೇ ಸ್ವಾಮಿ?

ಇದು 2024ರ ಮೇ ತಿಂಗಳ ಮಾತು. ಕಳೆದ ಭಾನುವಾರ ನಮ್ಮೂರಿನ ಕೆರೆಬೇಟೆ, ಅಂದರೆ ಊರವರೆಲ್ಲ ಕೆರೆಗೆ ಇಳಿದು ಒಟ್ಟಿಗೆ ಮೀನು ಹಿಡಿಯುವ ಹಬ್ಬ, ವಿಸಿಲ್ ಊದಿ ಶುರುವಾಯಿತು. ವಿಸಿಲ್ ಶಾಲೆಯದು. ಊದಿದವರು ಕೆರೆ ಸಮಿತಿಯ ಕಾರ್ಯದರ್ಶಿ. ಅವರು ಹಲ್ಲು ಕಟ್ಟಿಸಿಕೊಂಡು ಇನ್ನೂ ತಿಂಗಳಾಗಿಲ್ಲ. ತೂಬಿನ ಕಡೆ ನಿಂತವರಿಗೆ ಕೇಳಿಸಿತು, ಕೋಡಿಯ ಕಡೆಯವರಿಗೆ ಕೇಳಿಸಲಿಲ್ಲ. ನಡುವೆ ಇದ್ದವರು ಸಾಗರದ ಬಸ್ಸು ಬಂತೇನೋ ಎಂದು ರಸ್ತೆಯ ಕಡೆ ತಿರುಗಿ ನೋಡಿದರು. ಅಷ್ಟರಲ್ಲಿ ತೂಬಿನ ಕಡೆಯವರ ಮೀನು ಹಿಡಿಯುವ ಬುಟ್ಟಿಗಳು, ಅಂದರೆ ಕೂಣಿಗಳೆಲ್ಲ ನೀರಿಗೆ ಬಿದ್ದು, ದಪ್ಪ ಕಾಟ್ಲಾಗಳು ಅವರ ಪಾಲಾಗಿ, ಕೋಡಿಯ ಕಡೆಯವರು ಕಟ್ಟಿದ ಶುಲ್ಕ ವಾಪಸು ಕೊಡಿ ಎಂದು ಪಟ್ಟು ಹಿಡಿದು, ಸಮಿತಿಯವರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಪಂಚಾಯಿತಿ ಮಾಡಬೇಕಾಯಿತು.

ಮೊದಲೆಲ್ಲ ಹೀಗಿರಲಿಲ್ಲ. ದೇವರಿಗೆ ಹಣ್ಣುಕಾಯಿ ಆದ ಮೇಲೆ ನೆರೆಮನೆಯ ಅಜ್ಜ ಏರಿಯ ಮೇಲೆ ನಿಂತು ನಳಿಗೆಯ ಬಾಯಿಂದ ಮದ್ದು ತುಂಬುವ ತಮ್ಮ ಕೇಪಿನ ಕೋವಿಯನ್ನು ಆಕಾಶಕ್ಕೆ ಎತ್ತಿ ಒಂದು ಈಡು ಹಾರಿಸುತ್ತಿದ್ದರು. ಒಳಗೆ ಗುಂಡು ಇರುತ್ತಿರಲಿಲ್ಲ, ಮದ್ದು ಮತ್ತು ತೆಂಗಿನ ನಾರು ಅಷ್ಟೇ. ಆ ಸದ್ದು ಕೇಳಿಸಲಿಲ್ಲ ಎಂದು ಕೆರೆಯೊಳಗಿನ ಮೀನೂ ಹೇಳುವಂತಿರಲಿಲ್ಲ. ಈಗ ಕೋವಿ ಠಾಣೆಯಲ್ಲಿದೆ. ಕಾರಣ ನಿಮಗೆ ಗೊತ್ತೇ ಇದೆ: ಪ್ರಜಾಪ್ರಭುತ್ವ.

ಮಾರ್ಚ್ 16ರಂದು ಲೋಕಸಭೆ ಚುನಾವಣೆ ಘೋಷಣೆಯಾಯಿತು. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದವರೆಲ್ಲ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಪ್ರಕಟಣೆ ಅದರ ಬೆನ್ನಿಗೇ ಬಂತು. ಹೋದ ವರ್ಷ ವಿಧಾನಸಭೆಗೂ ಬಂದಿತ್ತು. ದಿನಾಂಕವೊಂದನ್ನು ಬದಲಿಸಿ ಅದೇ ಒಕ್ಕಣೆಯನ್ನು ಮತ್ತೆ ಕಳಿಸುತ್ತಾರೆ ಎಂದು ನನ್ನ ಗುಮಾನಿ. ನಾವು ಮೇ 7ಕ್ಕೆ ಮತ ಹಾಕಿ ಬಂದೆವು. ಬೆರಳಿನ ಶಾಯಿ ಉಗುರಿನ ಜೊತೆ ಬೆಳೆದು ಮೇಲೆ ಹೊರಟಿದೆ, ಕೋವಿ ಮಾತ್ರ ಬಂದಿಲ್ಲ. ಕೇಳಿದರೆ, ಜೂನ್ 1ಕ್ಕೆ ವಾರಾಣಸಿಯವರು ಮತ ಹಾಕಬೇಕಂತೆ. 4ಕ್ಕೆ ಎಣಿಕೆ. ಅದಾದ ಮೇಲೆ ಇನ್ನೊಂದು ವಾರ. ಸೊರಬದ ಸೀಮೆಯ ಅಡಿಕೆ ತೋಟದ ಕೋವಿಗೂ ವಾರಾಣಸಿಯ ಮತಗಟ್ಟೆಗೂ ಏನು ಸಂಬಂಧವೆಂದು ಅಜ್ಜ ನನ್ನನ್ನು ಕೇಳುತ್ತಾರೆ. ಕಾಶಿಗೆ ಹೋಗುವ ಆಸೆಯನ್ನು ಅವರು ಅಜ್ಜಿ ತೀರಿಕೊಂಡ ವರ್ಷವೇ ಬಿಟ್ಟಿದ್ದಾರೆ. ಹೋಗುವುದಿದ್ದರೂ ಕೋವಿ ಹೊತ್ತು ಹೋಗುತ್ತಿರಲಿಲ್ಲ.

ಆದರೂ ಸರ್ಕಾರದ ದೂರದೃಷ್ಟಿಯನ್ನು ಮೆಚ್ಚಬೇಕು. ಅಜ್ಜ ಈ ಕೋವಿ ಹಿಡಿದು ಮತಗಟ್ಟೆಯನ್ನು ವಶಪಡಿಸಿಕೊಂಡರು ಎಂದೇ ಇಟ್ಟುಕೊಳ್ಳಿ. ಬಾಗಿಲಲ್ಲಿ ನಿಂತು ಮೊದಲು ಸೋರೆಬುರುಡೆಯಿಂದ ಮದ್ದನ್ನು ನಳಿಗೆಗೆ ಸುರಿಯಬೇಕು. ಕಣ್ಣು ಮಂಜಾದ್ದರಿಂದ ಅರ್ಧ ಮದ್ದು ಹೊಸ್ತಿಲ ಮೇಲೆ ಬೀಳುತ್ತದೆ. ಆಮೇಲೆ ನಾರು ತುರುಕಿ ಗಜದಿಂದ ಜಡಿಯಬೇಕು. ಚರೆ ಹಾಕಿ ಮತ್ತೆ ನಾರು, ಮತ್ತೆ ಜಡಿತ. ಕೊನೆಗೆ ಕೇಪು. ಕೇಪು ಯಾವ ಜೇಬಿನಲ್ಲಿದೆ ಎಂದು ಹುಡುಕಬೇಕು; ಎಲೆಯಡಿಕೆಯ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕದಲ್ಲಿ ಸಿಗುತ್ತದೆ. ಇಷ್ಟರಲ್ಲಿ ಮತಗಟ್ಟೆಯ ಅಧಿಕಾರಿ ಊಟ ಮುಗಿಸಿ ಕೈ ತೊಳೆದಿರುತ್ತಾರೆ. ಮತಯಂತ್ರ ನಿಮಿಷಕ್ಕೆ ನಾಲ್ಕಕ್ಕಿಂತ ಹೆಚ್ಚು ಮತಗಳನ್ನು ಸ್ವೀಕರಿಸುವುದಿಲ್ಲ. ಮತಗಟ್ಟೆ ಸೂರೆ ಮಾಡುವವರ ಕೈ ಕಟ್ಟಲಿಕ್ಕೆಂದೇ ಇಟ್ಟಿರುವ ಮಿತಿ ಅದು. ಅಜ್ಜ ಒಂದು ಈಡು ತುಂಬುವಷ್ಟರಲ್ಲಿ ಅಂಥ ನಿಧಾನದ ಯಂತ್ರದಲ್ಲೂ ಒಂದು ಕೇರಿಯ ಮತದಾನ ಮುಗಿದಿರುತ್ತದೆ. ಮಳೆ ಬಂದು ಮದ್ದು ತೇವಗೊಂಡರೆ ಮರುಮತದಾನಕ್ಕೆ ಅಜ್ಜನೇ ಅರ್ಜಿ ಹಾಕಬೇಕಾದೀತು.

ಚುನಾವಣಾ ಆಯೋಗದ ಮೇಲೆ ಸುಮ್ಮನೆ ಗೂಬೆ ಕೂರಿಸುವುದೂ ತಪ್ಪು. ಸಿಕ್ಕಸಿಕ್ಕವರ ಕೋವಿ ಎತ್ತಿಕೊಂಡು ಬನ್ನಿ ಎಂದು ಅದು ಹೇಳಿಲ್ಲ. ಪರಿಶೀಲನಾ ಸಮಿತಿಯೊಂದು ಕುಳಿತು, ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆಯವರು, ಚುನಾವಣೆಯಲ್ಲಿ ಹಿಂದೆ ಗಲಭೆ ಮಾಡಿದವರು ಯಾರೆಂದು ಒಬ್ಬೊಬ್ಬರದೇ ಕಡತ ನೋಡಿ ತೀರ್ಮಾನಿಸಬೇಕು ಎಂದಿದೆ. ಆದರೆ ಕಡತ ನೋಡಲು ಸಮಯ ಬೇಕು, ಕನ್ನಡಕ ಬೇಕು. ಎಲ್ಲರನ್ನೂ ಪುಂಡರೆಂದು ಭಾವಿಸಿದರೆ ಎರಡೂ ಉಳಿತಾಯ. ಅಜ್ಜನ ಹೆಸರಿನಲ್ಲಿ ಠಾಣೆಯಲ್ಲಿರುವ ಒಂದೇ ದೂರು ಅವರೇ ಕೊಟ್ಟದ್ದು, ಪಂಪ್‌ಸೆಟ್ ಕಳವಾದಾಗ. ಪಂಪ್‌ಸೆಟ್ ಇನ್ನೂ ಸಿಕ್ಕಿಲ್ಲ.

ಇನ್ನು ನಮ್ಮ ಕೆರೆಬೇಟೆಗೆ ಬಂದ ಅತಿಥಿಗಳ ವಿಚಾರ. ನೀತಿ ಸಂಹಿತೆ ಇದ್ದುದರಿಂದ ನಾಯಕರು ವೇದಿಕೆ ಹತ್ತಲಿಲ್ಲ, ಕೆರೆಯ ಏರಿ ಹತ್ತಿದರು. ಭಾಷಣ ಮಾಡಲಿಲ್ಲ, ಇಪ್ಪತ್ತು ನಿಮಿಷ ಮಾತನಾಡಿದರು. ಅವರ ಹಿಂದೆ ಒಬ್ಬ ಅಂಗರಕ್ಷಕ, ಅವನ ಸೊಂಟದಲ್ಲಿ ಕರಿಯ ಚರ್ಮದ ಚೀಲದಲ್ಲಿ ಪಿಸ್ತೂಲು. ಅದನ್ನು ನೋಡಿದ ಹುಡುಗನೊಬ್ಬ, ವಿಸಿಲ್ ಏಕೆ, ಇವರದ್ದೇ ಒಂದು ಹಾರಿಸಬಹುದಲ್ಲ ಎಂದ. ಎಲ್ಲರೂ ನಕ್ಕರು. ನಾಯಕರೂ ನಕ್ಕರು, ಸ್ವಲ್ಪ ತಡವಾಗಿ.

ಆ ಅಂಗರಕ್ಷಕನ ಪಾಡು ಯಾರಿಗೂ ಬೇಡ. ತುಂಗಭದ್ರೆಯ ದಂಡೆಯ ಊರಿನವನು, ಮೀನು ಹಿಡಿದೇ ಬೆಳೆದವನು. ಕೂಣಿ ಗೊತ್ತಿಲ್ಲದ ಪೇಟೆಯ ಓದುಗರಿಗೆ ಹೇಳಬೇಕೆಂದರೆ, ಅದು ಬಿದಿರಿನಲ್ಲಿ ಹೆಣೆದ, ಕೆಳಗೆ ಅಗಲ, ಮೇಲೆ ಕಿರಿದಾದ ತಳವಿಲ್ಲದ ಬುಟ್ಟಿ. ಕೆಸರಿನಲ್ಲಿ ಹೆಜ್ಜೆಗೊಮ್ಮೆ ಊರುತ್ತ ಹೋಗಬೇಕು. ಒಳಗೆ ಏನೋ ಬಡಿದಾಡಿದರೆ ಬುಟ್ಟಿಯನ್ನು ಎದೆಯಿಂದ ಒತ್ತಿ ಹಿಡಿದು ಮೇಲಿನ ಬಾಯಿಂದ ಕೈ ಇಳಿಸಬೇಕು. ಸಿಕ್ಕಿದ್ದು ಗೌರಿ ಮೀನೋ ಹಾವೋ ಎಂಬುದು ಕೈಗೆ ಗೊತ್ತಾಗುವ ಆ ಅರೆಗಳಿಗೆಗಾಗಿಯೇ ಬೆಂಗಳೂರಿನಿಂದ ಜನ ರಜೆ ಹಾಕಿ ಬರುತ್ತಾರೆ. ಇವನಿಗೂ ಇಳಿಯುವ ಆಸೆ. ಆದರೆ ಪಿಸ್ತೂಲಿಗೆ ಕೆಸರು ತಾಗಿದರೆ ವಿಚಾರಣೆ, ಬಿಚ್ಚಿ ಯಾರ ಕೈಗಾದರೂ ಕೊಟ್ಟರೆ ಅಮಾನತು. ಮೂರು ಗಂಟೆ ಅವನು ಏರಿಯ ಮೇಲೆ ನಿಂತು, ನೀರಿನಲ್ಲಿ ಮೀನು ಹಾರಿದಾಗಲೆಲ್ಲ ಮುಂದೆ ಬಾಗಿ, ಸೊಂಟದ ಭಾರ ನೆನಪಾಗಿ ಹಿಂದೆ ಸರಿಯುತ್ತಿದ್ದ. ನಾಯಕರ ಬೂಟು ಹೊಳೆಯುತ್ತಿದ್ದವು. ಇವನ ಕಣ್ಣು ಅದಕ್ಕಿಂತ ಹೊಳೆಯುತ್ತಿದ್ದವು.

ಅಡುಗೆ ಅಜ್ಜನ ತೋಟದಲ್ಲಿ. ಪ್ರತಿ ವರ್ಷವೂ ಅಲ್ಲೇ. ಈ ಮಾತು ಸ್ವಲ್ಪ ದೂರ ಹೋಗುತ್ತದೆ, ಹೋಗಲಿ. ಮುರುಗೋಡು ಮೀನನ್ನು ಒಲೆಯ ಬೂದಿ ಹಾಕಿ ತಿಕ್ಕಬೇಕು, ಇಲ್ಲದಿದ್ದರೆ ಲೋಳೆ ಬಿಡುವುದಿಲ್ಲ, ಕತ್ತಿಯೂ ನಿಲ್ಲುವುದಿಲ್ಲ. ಗೌರಿ ಮತ್ತು ರೋಹುವನ್ನು ಒರಟು ಕಲ್ಲಿನ ಮೇಲೆ ಉಜ್ಜಿ ಹುರುಪೆ ತೆಗೆದು, ಉಪ್ಪು ಹಾಗೂ ಹುಳಿ ಸವರಿ ಸ್ವಲ್ಪ ಹೊತ್ತು ಬಿಟ್ಟರೆ ಕೆರೆಯ ಕೆಸರು ವಾಸನೆ ಇಳಿಯುತ್ತದೆ. ಮಣ್ಣಿನ ಗಡಿಗೆಯಲ್ಲಿ ಬ್ಯಾಡಗಿ ಮೆಣಸು, ಕೊತ್ತಂಬರಿ, ತೆಂಗಿನಕಾಯಿ ಅರೆದ ಮಸಾಲೆ. ಹುಳಿಗೆ ಉಪ್ಪಾಗೆ ಸಿಪ್ಪೆ. ಹುಣಸೆಹಣ್ಣು ಹಾಕುವವರೂ ಇದ್ದಾರೆ, ಅವರ ಬಗ್ಗೆ ನಾನು ಮಾತನಾಡುವುದಿಲ್ಲ. ಸಾರು ಕುದಿ ಹತ್ತಿದ ಮೇಲೆ ತುಂಡುಗಳನ್ನು ಇಳಿಬಿಟ್ಟರೆ ಮತ್ತೆ ಸೌಟು ಆಡಿಸಬಾರದು. ಗಡಿಗೆಯ ಕಂಠವನ್ನೇ ಬಟ್ಟೆಯಿಂದ ಹಿಡಿದು ಮೆಲ್ಲಗೆ ತಿರುಗಿಸಬೇಕು. ಇದನ್ನು ಅಜ್ಜ ತಾವೇ ಮಾಡುತ್ತಾರೆ, ಬೇರೆಯವರಿಗೆ ಬಿಡುವುದಿಲ್ಲ. ಕೋವಿ ಹಿಡಿದರೆ ನಡುಗುವ ಕೈ ಗಡಿಗೆ ಹಿಡಿದಾಗ ನಡುಗುವುದಿಲ್ಲ. ತೂಬಿನ ಕಡೆಯವರೂ ಕೋಡಿಯ ಕಡೆಯವರೂ ಜಗಳದ ಮುಖ ಇಟ್ಟುಕೊಂಡೇ ಬಂದು ಒಂದೇ ಸಾಲಿನಲ್ಲಿ ಕುಳಿತರು. ಅಂಗರಕ್ಷಕನಿಗೆ ಅಜ್ಜ ತಲೆಯ ಭಾಗವನ್ನು ಹುಡುಕಿ ಬಡಿಸಿದರು. ಅವನು ಎಡಗೈಯನ್ನು ಪಿಸ್ತೂಲಿನ ಮೇಲಿಟ್ಟುಕೊಂಡೇ ಬಲಗೈಯಲ್ಲಿ ಮುಳ್ಳು ಬಿಡಿಸಿ ತಿಂದ. ಎರಡು ಸಲ ಸಾರು ಹಾಕಿಸಿಕೊಂಡ.

ಊಟದ ನಡುವೆ ತೋಟದ ಮೇಲ್ಭಾಗದಲ್ಲಿ ಸದ್ದಾಯಿತು. ಮಂಗಗಳು. ಮೂವತ್ತೋ ನಲವತ್ತೋ ಇದ್ದವು. ಎಳೆಯ ಅಡಿಕೆಯನ್ನು ಚೀಪಿ ಬಿಸಾಡುತ್ತ ಮರದಿಂದ ಮರಕ್ಕೆ ಸಾಗಿದ್ದವು. ಹಿಂದಿನ ವರ್ಷವಾದರೆ ಒಂದು ಬರಿ ಈಡಿಗೆ ಗುಡ್ಡ ಹತ್ತುತ್ತಿದ್ದವು. ಅಜ್ಜ ಎದ್ದು ತಟ್ಟೆ ಬಡಿದರು. ಗಡವವೊಂದು ಕುಳಿತಲ್ಲಿಂದಲೇ ತಲೆ ಕೆರೆದುಕೊಂಡು ಅವರನ್ನು ನೋಡಿತು. ಅದಕ್ಕೂ ಪ್ರಕಟಣೆ ತಲುಪಿದೆ.

ಮಂಗನಿಗೆ ಹೊಡೆಯಬೇಕೆಂದು ನಾನು ಹೇಳುತ್ತಿಲ್ಲ. 2022ರ ತಿದ್ದುಪಡಿಯಲ್ಲಿ ನಮ್ಮ ಕಡೆಯ ಮಂಗ ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ, ಹುಲಿಯ ಪಂಕ್ತಿಯಲ್ಲಿ ಕುಳಿತಿದೆ. ಕುಳಿತಿರಲಿ. ಯಾರಿಗೂ ತಾಗಬಾರದ ಈ ಕೋವಿಯನ್ನು ಬೆಳೆ ರಕ್ಷಣೆಗೆಂದು ಕೊಟ್ಟವರೂ ಸರ್ಕಾರದವರೇ, ಬೆಳೆ ಇರುವಾಗ ಕಿತ್ತುಕೊಳ್ಳುವವರೂ ಅವರೇ. ಇದರಲ್ಲಿ ತಮಾಷೆ ಮಾಡಲು ನನಗೆ ಇನ್ನು ಶಕ್ತಿಯಿಲ್ಲ. ಎಪ್ಪತ್ತೆಂಟು ವರ್ಷದ ಮನುಷ್ಯ ಎರಡು ಬಸ್ಸು ಬದಲಿಸಿ, ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಕಳ್ಳನಂತೆ ಠಾಣೆಗೆ ಹೋಗುತ್ತಾರೆ. ಅಲ್ಲಿ ಅದನ್ನು ಸೌದೆಯಂತೆ ಮೂಲೆಗೆ ಒರಗಿಸುತ್ತಾರೆ. ಹೋದ ವರ್ಷ ವಾಪಸು ಬಂದಾಗ ಹಿಡಿ ಸೀಳಿತ್ತು, ನಳಿಗೆಗೆ ತುಕ್ಕು ಹಿಡಿದಿತ್ತು. ಕೇಳಿದ್ದಕ್ಕೆ, ರಸೀದಿಯಲ್ಲಿ ತುಕ್ಕಿನ ವಿಚಾರ ಬರೆದಿದೆಯೇ ಎಂದರು. ಸೊಂಟದಲ್ಲಿ ಕಳ್ಳ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡುವವನಿಗೆ ಯಾವ ಪ್ರಕಟಣೆಯೂ ಬರುವುದಿಲ್ಲ. ಅವನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಪುಸ್ತಕದಲ್ಲಿ ಹೆಸರು ಬರೆಸಿ, ಶುಲ್ಕ ಕಟ್ಟಿ, ನವೀಕರಣಕ್ಕೆ ಅಲೆದವನು ಮಾತ್ರ ಪ್ರತಿ ಚುನಾವಣೆಗೂ ಆರೋಪಿ. ಉತ್ತರ ಪ್ರದೇಶದ ಮುಖ್ಯಮಂತ್ರಿಗಳೇ 2022ರಲ್ಲಿ ನಾಮಪತ್ರದ ಜೊತೆ ಕೊಟ್ಟ ಆಸ್ತಿ ವಿವರದಲ್ಲಿ ಒಂದು ರಿವಾಲ್ವರ್, ಒಂದು ರೈಫಲ್ ತೋರಿಸಿದ್ದರು. ಅಭ್ಯರ್ಥಿಯ ಬಳಿ ಇದ್ದರೆ ಆಸ್ತಿ, ಮತದಾರನ ಬಳಿ ಇದ್ದರೆ ಅಪಾಯ.

ಕೊಡಗಿನವರ ಮೇಲೆ ನನಗೆ ಹೊಟ್ಟೆಕಿಚ್ಚಿದೆ, ಮುಚ್ಚಿಡುವುದೇನು? ಕೊಡವರಿಗೂ, ಜಮ್ಮಾ ಎಂಬ ವಂಶಪಾರಂಪರ್ಯ ಹಕ್ಕಿನ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ. ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುವ, ಮನೆಯಲ್ಲಿ ಯಾರಾದರೂ ಸತ್ತರೆ ಎರಡು ಹಾರಿಸುವ ಪದ್ಧತಿ ಅವರದು. ನಾವು ಕೇಳಿದ್ದು ವರ್ಷಕ್ಕೊಂದೇ, ಅದೂ ಮೀನಿಗೆ.

ಸಮಿತಿಯವರು ಕೇಳಿಯೂ ನೋಡಿದ್ದರು. ಒಂದೇ ಒಂದು ಈಡಿಗೆ, ನಿಮ್ಮ ಪೇದೆಯವರೇ ಕೋವಿ ತಂದು, ನಿಂತು ನೋಡಿ, ವಾಪಸು ಒಯ್ಯಲಿ ಎಂದು ಅರ್ಜಿ ಬರೆದುಕೊಟ್ಟರು. ಅರ್ಜಿ ಓದಿದ ಅಧಿಕಾರಿ ಕೂಣಿ ಎಂದರೇನು ಎಂದು ಕೇಳಿದರಂತೆ. ಬಿದಿರಿನ ಬುಟ್ಟಿ ಎಂದಾಗ, ಎಷ್ಟು ಜನರ ಬಳಿ ಇರುತ್ತದೆ ಎಂದರು. ಏಳುನೂರು ಎಂದಾಗ ಸ್ವಲ್ಪ ಹೊತ್ತು ಸುಮ್ಮನಾದರಂತೆ. ಆ ಮೌನ ನೋಡಿಯೇ ಕಾರ್ಯದರ್ಶಿ ಎದ್ದು ಬಂದು ಶಾಲೆಯಿಂದ ವಿಸಿಲ್ ಕೇಳಿ ಪಡೆದದ್ದು.

ಮೊನ್ನೆ ಸಂಜೆ ಅಜ್ಜ ಜಗುಲಿಗೆ ಬಂದು, ಜೂನ್ 11ಕ್ಕಾದರೂ ಸಿಗುತ್ತದಲ್ಲ ಎಂದು ಬೆರಳು ಮಡಚಿ ಲೆಕ್ಕ ಹಾಕಿದರು. ಅಷ್ಟರಲ್ಲಿ ಮಳೆ ಹಿಡಿದಿರುತ್ತದೆ, ಹೊಸ ನೀರಿಗೆ ಎದುರಾಗಿ ಹತ್ತುವ ಹತ್ತುಮೀನು ಗದ್ದೆಗೆ ಏರಿರುತ್ತದೆ, ಮದ್ದು ಒಣಗಿಸಲು ಬಿಸಿಲಿರುವುದಿಲ್ಲ. ನಾನು ಪತ್ರಿಕೆ ತೆಗೆದು, ಜೂನ್ 3ಕ್ಕೆ ವಿಧಾನ ಪರಿಷತ್ತಿನ ನೈರುತ್ಯ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಿಗೂ ಮತದಾನವಿದೆ, ಅದರ ನೀತಿ ಸಂಹಿತೆಯೂ ಸೇರಿಕೊಂಡಿದೆ ಎಂದು ಓದಿ ಹೇಳಿದೆ. ಅಜ್ಜ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಕೇಳಿದರು:

"ಮಾಸ್ತರರು ಅಷ್ಟೊಂದು ಜಗಳ ಮಾಡುತ್ತಾರೇನು?"